ಬಸಣ್ಣನ ನೇರಳೆ ಕೋಲು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ಟಿನ ತಟ್ಟೆ ಕೈಗೆ ಬಂದ ಮೇಲೆ ಯಾರೂ ಕಾಯುವುದಿಲ್ಲ. ಬಸಣ್ಣ ಮಾತ್ರ ನಮ್ಮನ್ನು ಕಾಯಿಸಿದ. ಜೇಬಿನಿಂದ ಬಾಚಣಿಗೆಯಷ್ಟು ಉದ್ದದ ಕೋಲೊಂದನ್ನು ತೆಗೆದು, ಗುಂಡಿ ಒತ್ತಿ, ಮೂರೂ ತಟ್ಟೆಗಳಿಗೆ ಆರತಿ ಎತ್ತಿದಂತೆ ನೇರಳೆ ಬೆಳಕನ್ನು ಸುತ್ತಿಸಿದ.

"ಇನ್ನು ತಿನ್ನಿರಿ. ಕ್ರಿಮಿಗಳೆಲ್ಲ ಸತ್ತವು. ಅಲ್ಟ್ರಾವಯಲೆಟ್! ಬರೀ 400 ರೂಪಾಯಿ."

"ಇಷ್ಟು ಬೇಗ ಸತ್ತವೇ? ಹೆದರಿ ಎದೆ ಒಡೆಯಿತೇನು?" ಎಂದರು ನಿವೃತ್ತ ವಿಜ್ಞಾನ ಮಾಸ್ತರರು.

"ನಿಮಗೆ ಎಲ್ಲದಕ್ಕೂ ಸಂಶಯ, ಮಾಸ್ತರರೇ. ನಿಮ್ಮ ಮನೆಯ ನೀರಿನ ಫಿಲ್ಟರಿನಲ್ಲಿ ಇದೇ ಇಲ್ಲವೇ?"

"ಅಲ್ಲಿರುವುದು ಯುವಿ-ಸಿ, ಅಲ್ಟ್ರಾವಯಲೆಟ್ಟಿನ ಎ, ಬಿ, ಸಿ ಬಗೆಗಳಲ್ಲಿ ಕ್ರಿಮಿಗೆ ಅತಿ ಕಠಿಣವಾದದ್ದು. ಪಾದರಸದ ದೀಪ, ಬೆಳಕಿನ ಅಲೆಯ ಉದ್ದ 254 ನ್ಯಾನೋಮೀಟರ್. ಅದು ಕ್ರಿಮಿಯ ಡಿಎನ್‌ಎಯಲ್ಲಿ ಅಕ್ಕಪಕ್ಕ ಕುಳಿತ ಥೈಮಿನ್ ಎಂಬ ಎರಡು ಘಟಕಗಳನ್ನು ಗಂಟು ಹಾಕಿಬಿಡುತ್ತದೆ. ಗಂಟು ಹೆಚ್ಚಿದರೆ ವಂಶ ಬೆಳೆಯುವುದಿಲ್ಲ. ತಿಳಿನೀರು ದೀಪದ ಮಗ್ಗುಲಲ್ಲೇ ಹರಿಯುವುದರಿಂದ ಅಲ್ಲಿ ಕೆಲಸ ನಡೆಯುತ್ತದೆ. ಇಲ್ಲಿ? ಒಂದೊಂದು ಚುರುಮುರಿಯ ನೆರಳಿನಲ್ಲಿ ಕ್ರಿಮಿಗಳ ಓಣಿಯೇ ಹಾಯಾಗಿ ಮಲಗಿರುತ್ತದೆ. ಬೆಳಕಿಗೆ ಮೂಲೆ ತಿರುಗಲು ಬರುವುದಿಲ್ಲ, ಬಸಣ್ಣ."

"ಗಿರಮಿಟ್ಟನ್ನು ತಿರುವಿ ಹಾಕಿದರೆ?"

"ಕ್ರಿಮಿಗಳು ಓಣಿ ಬದಲಿಸುತ್ತವೆ."

ನನಗೆ ಅಜ್ಜಿಯ ನೆನಪಾಯಿತು. ಮಾಳಿಗೆಯ ಮೇಲೆ ಕೌದಿ ಹರವಿ, ಮಧ್ಯಾಹ್ನ ಮತ್ತೆ ಹತ್ತಿ ಹೋಗಿ ಮಗ್ಗುಲು ಬದಲಿಸುತ್ತಿದ್ದಳು. ಅದನ್ನು ಹೇಳಿದೆ. ಮಾಸ್ತರರು ಅರಳಿದರು. ಬಿಸಿಲು ಸೂಕ್ಷ್ಮಾಣುಗಳನ್ನು ತಡೆಯುತ್ತದೆ ಎಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ಗಾಜಿನ ನಳಿಕೆಗಳನ್ನಿಟ್ಟು ತೋರಿಸಿದ್ದರಂತೆ. "ಸೂರ್ಯನ ಯುವಿ-ಸಿಯನ್ನು ಓಝೋನ್ ಮೇಲೆಯೇ ನುಂಗುತ್ತದೆ. ನಮಗೆ ಸಿಗುವುದು ಉಳಿದ ಎ ಮತ್ತು ಒಂದಿಷ್ಟು ಬಿ. ಅದಕ್ಕೇ ಅಜ್ಜಿಗೆ ಇಡೀ ದಿನ ಬೇಕಾಯಿತು. ಬಸಣ್ಣ ಮೂರು ಸೆಕೆಂಡಿನಲ್ಲಿ ಮುಗಿಸಿದ."

ಬಸಣ್ಣ ಸೋಲುವವನಲ್ಲ. "ಹಾಗಾದರೆ ಗಾಳಿಗೆ ಬಳಸೋಣ."

"ಈಗ ಸರಿಯಾದ ಮಾತಾಡಿದೆ! ಗಾಳಿಗೆ ಯುವಿ-ಸಿ ಬಲು ಒಳ್ಳೆಯದು. ಅಮೆರಿಕದ ಫಿಲಡೆಲ್ಫಿಯಾ ಕಡೆಯ ಶಾಲೆಗಳಲ್ಲಿ ವೆಲ್ಸ್ ಎಂಬಾತ 1937ರಿಂದ ಅದರ ದೀಪ ಹಾಕಿಸಿ ನೋಡಿದ. ದೀಪವಿದ್ದ ತರಗತಿಗಳಲ್ಲಿ ದಡಾರ ಕಡಿಮೆ ಹಬ್ಬಿತು. ಉಪಾಯ ಇಷ್ಟೇ: ದೀಪ ತಲೆಗಿಂತ ಮೇಲಿರಬೇಕು, ಬೆಳಕು ಕೆಳಗೆ ಬೀಳಬಾರದು. ಫ್ಯಾನು ಕೋಣೆಯ ಗಾಳಿಯನ್ನು ಮೇಲೆಬ್ಬಿಸಿ ಆ ಬೆಳಕಿನಲ್ಲಿ ಹಾಯಿಸುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಮರಳು ಹೊಕ್ಕಂತೆ ಉರಿ, ಚರ್ಮಕ್ಕೂ ಸುಡುವ ಪ್ರಸಾದ."

"ಇಲ್ಲಿಯೇ ಒಂದು ಹಾಕಿಸೋಣ."

ಮಾಸ್ತರರು ತಲೆಯೆತ್ತಿ ನೋಡಿದರು. ಮೇಲೆ ಆಕಾಶವಿತ್ತು. "ಛಾವಣಿ ಯಾರು ಹಾಕಿಸುತ್ತಾರೆ?"

ಅವರು ಕೋಲನ್ನು ಇಸಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹಿಡಿಕೆಯ ಸಣ್ಣ ಅಕ್ಷರ ಓದಿದರು. "395 ನ್ಯಾನೋಮೀಟರ್. ಇದು ಯುವಿ-ಎ, ಅದರಲ್ಲೂ ಕಣ್ಣಿಗೆ ಕಾಣುವ ಬೆಳಕಿನ ಗಡಿಗೆ ತಾಗಿದ್ದು. ಕ್ರಿಮಿಗೆ ಇದರಿಂದ ಆಗುವುದೆಂದರೆ ಸ್ವಲ್ಪ ನಿದ್ದೆಗೆಡುವುದು, ಅಷ್ಟೇ."

ಬಸಣ್ಣ ಮೊದಲ ಬಾರಿಗೆ ಗಿರಮಿಟ್ಟಿಗೆ ಬಾಯಿ ಹಚ್ಚಿದ. ಆಗ ಅಂಗಡಿಯವನು ಬಾಗಿ ಕೋಲನ್ನು ತೆಗೆದುಕೊಂಡು, ಗಲ್ಲಾದ ನೂರರ ನೋಟಿನ ಮೇಲೆ ಹಿಡಿದ. ಸಂಖ್ಯೆ ಹೊಳೆಯಿತು, ಕಾಗದದಲ್ಲಿನ ಎಳೆಗಳೂ ಹೊಳೆದವು.

"ಕಾಕಾ, ಖೋಟಾ ನೋಟು ಹಿಡಿಯಲು ಇದನ್ನು ಇಲ್ಲಿಯೇ ಬಿಟ್ಟು ಹೋಗಿರಿ. ಎರಡು ಪ್ಲೇಟ್ ಮಿರ್ಚಿ ಕೊಡುತ್ತೇನೆ."

"ನಾಲ್ಕು," ಎಂದ ಬಸಣ್ಣ, ಬಾಯಿ ತುಂಬಿಕೊಂಡೇ.