ಸಿಂಗಲ್ ಸ್ಟ್ರೋಕ್ 110 ದಾಟ್ತಿಲ್ಲ, ದಿನದ ಒಂದು ಗಂಟೆ ಹೇಗೆ ಬಳಸಬೇಕು?

ರಿಮ್‌ಶಾಟ್_ಹಾಸನ:
ಡ್ರಮ್ ಸೆಟ್ ಕಲಿಯೋಕೆ ಶುರುಮಾಡಿ ಎಂಟು ತಿಂಗಳಾಯ್ತು. ಮನೆ ಎರಡನೇ ಮಹಡಿಯಲ್ಲಿರೋದ್ರಿಂದ ವಾರವಿಡೀ ರಬ್ಬರ್ ಪ್ಯಾಡ್, ಭಾನುವಾರ ಕ್ಲಾಸಲ್ಲಿ ಮಾತ್ರ ನಿಜವಾದ ಸೆಟ್. ಸ್ಟಿಕ್ 5ಎ ಅಳತೆಯದ್ದು. ಬೀಟಿಗೆ ನಾಲ್ಕು ಪೆಟ್ಟಿನ ಸಿಂಗಲ್ ಸ್ಟ್ರೋಕ್ (ಬಲ, ಎಡ ಅಂತ ಕೈಗೊಂದೊಂದೇ ಪೆಟ್ಟು) 110 ಬಿಪಿಎಂಗೆ (ನಿಮಿಷಕ್ಕೆ 110 ಬೀಟು) ನಿಂತುಬಿಟ್ಟಿದೆ. ಅದರ ಮೇಲೆ ಹೋದ್ರೆ ಎಡಗೈ ಹಿಂದೆ ಬೀಳುತ್ತೆ, ಮುಂಗೈ ಬಿಗಿಯುತ್ತೆ. ಹಾಡಿನ ಜೊತೆ ನುಡಿಸುವಾಗ ಫಿಲ್ (ಸಾಲುಗಳ ನಡುವೆ ತುಂಬೋ ಸಣ್ಣ ನುಡಿಸಿಕೆ) ಬಂದ ಕಡೆಯೆಲ್ಲ ತಾಳಕ್ಕಿಂತ ಮುಂದೆ ಓಡಿಬಿಡ್ತೀನಿ. ದಿನಕ್ಕೆ ಸಿಗೋ ಒಂದು ಗಂಟೆಯನ್ನ ಹೇಗೆ ಹಂಚಿಕೊಳ್ಳಲಿ?

ಸ್ನೇರ್‌ವೈರ್:
ತೊಂದರೆ ಎಡಗೈಯದ್ದೋ, ಎರಡು ಕೈ ಕೂಡೋ ಜಾಗದ್ದೋ ಅಂತ ಮೊದಲು ಪತ್ತೆ ಮಾಡಿ. ಬೀಟಿಗೆ ನಾಲ್ಕು ಪೆಟ್ಟು ಅಂದ್ರೆ ಒಂದೊಂದು ಕೈಗೆ ಎರಡೇ. ಮೆಟ್ರೊನೋಮ್ (ಬೀಟಿಗೊಂದು ಕ್ಲಿಕ್ ಕೊಡೋ ಸಾಧನ) 120ಕ್ಕೆ ಇಟ್ಟು, ಎಡಗೈ ಒಂದರಲ್ಲೇ ಬೀಟಿಗೆ ಎರಡರಂತೆ ಎರಡು ನಿಮಿಷ ಬಾರಿಸಿ. ಅಷ್ಟರೊಳಗೆ ಮುಂಗೈ ಬಿಗಿದ್ರೆ ಸ್ಪೀಡಿನ ಮಾತು ಸದ್ಯಕ್ಕೆ ಬಿಡಿ, ಹಿಡಿತ ಸರಿಮಾಡಿ.

ಸಾಮಾನ್ಯವಾಗಿ ಆಗೋದು ಇದು: ಹೆಬ್ಬೆರಳು, ತೋರುಬೆರಳು ಸ್ಟಿಕ್ಕನ್ನ ಚಿವುಟಿ ಹಿಡಿದಿರುತ್ತೆ, ಉಳಿದ ಮೂರು ಬೆರಳು ಕೆಲಸವಿಲ್ಲದೆ ನಿಂತಿರುತ್ತೆ. ಸ್ಟಿಕ್ ತಾನಾಗಿ ಪುಟಿಯೋಕೆ ಆಗಲ್ಲ, ಪ್ರತಿ ಸಲ ಮುಂಗೈಯೇ ಅದನ್ನ ಎತ್ತಬೇಕಾಗುತ್ತೆ. ಸಡಿಲವಾಗಿ ಹಿಡಿದು ಒಂದು ಗೇಣು ಎತ್ತರದಿಂದ ಪ್ಯಾಡ್ ಮೇಲೆ ಬೀಳಿಸಿ, ಎಷ್ಟು ಸಲ ಪುಟಿಯುತ್ತೆ ಎಣಿಸಿ. ಹಿಡಿಯೋ ಜಾಗವನ್ನ ಅರ್ಧ ಇಂಚು ಹಿಂದೆ ಮುಂದೆ ಮಾಡಿ. ಅತಿ ಹೆಚ್ಚು ಪುಟಿದ ಜಾಗವೇ ನಿಮ್ಮದು, ಹೆಚ್ಚುಕಮ್ಮಿ ಸ್ಟಿಕ್ಕಿನ ಹಿಂಭಾಗದಿಂದ ಮೂರನೇ ಒಂದು ಪಾಲಿನಲ್ಲಿ ಸಿಗುತ್ತೆ.

ಇನ್ನೊಂದು, ವೇಗ ಏರಿದ ಹಾಗೆ ಎತ್ತರ ಇಳಿಯಬೇಕು. 60ರಲ್ಲಿ ಒಂದು ಗೇಣಾದ್ರೆ 120ರಲ್ಲಿ ನಾಲ್ಕು ಬೆರಳು ಸಾಕು. ಅದೇ ಎತ್ತರ, ಅದೇ ಜೋರು ಇಟ್ಕೊಂಡು ವೇಗ ಮಾತ್ರ ಏರಿಸೋಕೆ ಹೋಗಿ ಬಹಳ ಜನ ಸಿಕ್ಕಿಕೊಳ್ಳೋದು ಇಲ್ಲೇ.

80ರಿಂದ ಶುರುಮಾಡಿ, ಎರಡು ನಿಮಿಷಕ್ಕೊಮ್ಮೆ 4 ಏರಿಸಿ. ಕೆಟ್ಟ ತಕ್ಷಣ 10 ಇಳಿಸಿ ಅಲ್ಲೇ ಐದು ನಿಮಿಷ ನಿಲ್ಲಿ. ಮಣಿಕಟ್ಟು ನೋವು ಅಥವಾ ಬೆರಳು ಜೋಮು ಬಂದ್ರೆ ಅವತ್ತಿಗೆ ಸ್ಟಿಕ್ ಕೆಳಗಿಡಿ.

ತಕಧಿಮಿ_4:
ಫಿಲ್ ಓಡುವುದಕ್ಕೆ ಕಾರಣ ಕೈ ಅಲ್ಲ, ಎಣಿಕೆ. ಗ್ರೂವ್‌ನಲ್ಲಿ, ಅಂದರೆ ಹಾಡಿನುದ್ದಕ್ಕೂ ಮರಳಿ ಬರುವ ನಡೆಯಲ್ಲಿ, ಹೈ-ಹ್ಯಾಟ್ (ಪೆಡಲಿನಿಂದ ಮುಚ್ಚುವ ಜೋಡಿ ತಟ್ಟೆ) ನಿಮಗಾಗಿ ಎಣಿಸುತ್ತಿರುತ್ತದೆ. ಫಿಲ್‌ಗೆ ಹೋದ ಕ್ಷಣ ಬಲಗೈ ಅದನ್ನು ಬಿಡುತ್ತದೆ, ಎಣಿಸುವವರು ಯಾರೂ ಉಳಿಯುವುದಿಲ್ಲ. ಎರಡು ಕೆಲಸ ಮಾಡಿ: ಎಡಗಾಲಿನಿಂದ 2 ಮತ್ತು 4ನೇ ಬೀಟಿಗೆ ಹೈ-ಹ್ಯಾಟ್ ಮುಚ್ಚುವುದನ್ನು ಫಿಲ್‌ನಲ್ಲೂ ನಿಲ್ಲಿಸಬೇಡಿ, ಬಾಯಲ್ಲಿ ಕೊನ್ನಕೋಲ್, ಅಂದರೆ ಲಯದ ಅಕ್ಷರಗಳನ್ನು, ಹೇಳಿ. ಬೀಟಿಗೆ ನಾಲ್ಕಾದರೆ ತಕಧಿಮಿ, ಮೂರಾದರೆ ತಕಿಟ. ಬಾಯಲ್ಲಿ ಸಮವಾಗಿ ಬಾರದ ಫಿಲ್ ಕೈಯಲ್ಲೂ ಬರುವುದಿಲ್ಲ.

60ರಲ್ಲಿ ಕೈಯಿಂದ ತಾಳ ಹಾಕುತ್ತ ನಾಲ್ಕು ಬೀಟು ತಕಧಿಮಿ, ನಾಲ್ಕು ಬೀಟು ತಕಿಟ ಹೇಳಿ. ತಕಿಟಕ್ಕೆ ಬದಲಾಗುವಾಗ ತಾಳವೇ ಓಡಿದರೆ, ಮೂರು ಅಕ್ಷರಗಳನ್ನು ಬೀಟಿನ ತುಂಬ ಹರಡದೆ ತಕಧಿಮಿಯ ವೇಗದಲ್ಲೇ ಹೇಳಿ ಮುಂದಿನ ಬೀಟಿಗೆ ಹಾರುತ್ತಿದ್ದೀರಿ ಎಂದರ್ಥ. ಆಮೇಲೆ ಮೂರು ಬಾರ್ (ಇಲ್ಲಿ ನಾಲ್ಕು ಬೀಟಿನ ಆವರ್ತ) ಗ್ರೂವ್, ಒಂದು ಬಾರ್ ಫಿಲ್. ಅದು ನಿಂತ ಮೇಲೆ ಮೆಟ್ರೊನೋಮ್ ಅರ್ಧಕ್ಕಿಳಿಸಿ: 80ರ ಗ್ರೂವ್‌ಗೆ ಕ್ಲಿಕ್ 40, ಅಂದರೆ 1 ಮತ್ತು 3ಕ್ಕೆ ಮಾತ್ರ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕಿವಿಗೆ ಬೀಳದ್ದು ಆಮೇಲೆ ಸ್ಪಷ್ಟವಾಗಿ ಕೇಳುತ್ತದೆ.

ಲೋಟಾಮ್:
ಮೇಲಿನ ಇಬ್ಬರೂ ಹೇಳಿರೋದು ಸರಿ. ಆದ್ರೆ ವಾರವಿಡೀ ರಬ್ಬರ್ ಪ್ಯಾಡ್ ಒಂದನ್ನೇ ನಂಬಬೇಡಿ. ಅದು ಪುಟಿಸೋದು ಜಾಸ್ತಿ. ಪ್ಯಾಡ್ ಮೇಲೆ ಚೆನ್ನಾಗಿ ಬರೋ ಡಬಲ್ ಸ್ಟ್ರೋಕ್ (ಒಂದೇ ಕೈಯಲ್ಲಿ ಸತತ ಎರಡು ಪೆಟ್ಟು), ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ ಆದ ಫ್ಲೋರ್ ಟಾಮ್‌ಗೆ ಹೋದ್ರೆ ಎರಡನೇ ಪೆಟ್ಟೇ ಕೇಳಿಸಲ್ಲ, ಯಾಕಂದ್ರೆ ಅಲ್ಲಿ ಚರ್ಮ ಸಡಿಲ. ದಿನಕ್ಕೆ ಐದು ನಿಮಿಷ ದಿಂಬಿನ ಮೇಲೆ 60-70ರಲ್ಲಿ ಡಬಲ್ ಬಾರಿಸಿ, ಎರಡನೇ ಪೆಟ್ಟನ್ನ ಬೆರಳು ಮಡಚಿ ಎಳೆದುಕೊಳ್ಳಿ. ಐದಕ್ಕಿಂತ ಜಾಸ್ತಿ ಬೇಡ, ಮಣಿಕಟ್ಟಿಗೆ ಭಾರ.

ಗಂಟೆಯನ್ನ ಒಂದೇ ಸಲ ಕೂರದೆ ಬೆಳಿಗ್ಗೆ 25, ಸಂಜೆ 35 ನಿಮಿಷ ಮಾಡಿ. ಬೆಳಿಗ್ಗೆ ಕೈ ಮಾತ್ರ: ಸಿಂಗಲ್, ಡಬಲ್, ದಿಂಬು. ಸಂಜೆ ಮೊದಲ 20 ನಿಮಿಷ ಫಿಲ್‌ನ ಒಂದೇ ತುಂಡು, ಉಳಿದದ್ದು ಹಾಡಿನ ಜೊತೆ. ಕಾಲಿಗೆ ನೆಲದ ಮೇಲೆ ಹಿಮ್ಮಡಿ ಊರಿ ತಟ್ಟಿದ್ರೂ ಸಾಕು. ಕಿಕ್ ಪ್ಯಾಡ್ (ಕಾಲಿನ ಪೆಡಲಿಗೆ ಅಭ್ಯಾಸದ ಪ್ಯಾಡ್) ತರೋ ಆಲೋಚನೆ ಇದ್ರೆ ನೆನಪಿಡಿ, ಕೆಳಗಿನ ಮನೆಗೆ ಕೇಳಿಸೋದು ಅದರ ಸದ್ದಲ್ಲ, ನೆಲದಲ್ಲಿ ಇಳಿಯೋ ಅದುರು. ತೆಳು ಮ್ಯಾಟಿಂದ ಅದು ನಿಲ್ಲಲ್ಲ. ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಚೆಂಡು ಕೂರಿಸಿದ ಮಣೆ ಬೇಕು.

ಭಾನುವಾರ ಇಯರ್‌ಪ್ಲಗ್ ಬಿಡಲೇಬೇಡಿ. 85 ಡೆಸಿಬೆಲ್‌ಗೆ ಎಂಟು ಗಂಟೆ ಮಿತಿ ಅಂತಿಟ್ಟರೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತೆ. 100ರಲ್ಲಿ ಹದಿನೈದೇ ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ ಸೆಟ್ 100 ಮುಟ್ಟೋದು ಸುಲಭ.

ರಿಮ್‌ಶಾಟ್_ಹಾಸನ:
ಎಡಗೈ ಪರೀಕ್ಷೆ ಮಾಡಿದೆ, ಒಂದು ನಿಮಿಷದೊಳಗೇ ಬಿಗೀತು. ಪ್ಯಾರಡಿಡಲ್ ಈಗಲೇ ಸೇರಿಸಬಹುದಾ?

ಸ್ನೇರ್‌ವೈರ್:
ಸೇರಿಸಿ, ಆದ್ರೆ 70ರಲ್ಲಿ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಪ್ರತಿ ಗುಂಪಿನ ಮೊದಲ ಪೆಟ್ಟು ಗೇಣೆತ್ತರದಿಂದ ಬಂದು ಕೆಳಗೇ ನಿಲ್ಲಬೇಕು, ಉಳಿದ ಮೂರು ಎರಡು ಬೆರಳೆತ್ತರದಲ್ಲಿ. ಎಲ್ಲವೂ ಒಂದೇ ಜೋರಲ್ಲಿ ಬಂದ್ರೆ ಅದರ ಲಾಭ ಅರ್ಧ ಹೋಯ್ತು. ಎಡಗೈ 120ರಲ್ಲಿ ಎರಡು ನಿಮಿಷ ಬಿಗಿಯದೆ ನಿಲ್ಲೋವರೆಗೆ ವೇಗ ಏರಿಸಬೇಡಿ.