ಗೋವಾ 1510: ತಿಮ್ಮೋಜ ಕರೆಯದಿದ್ದರೆ ಪೋರ್ಚುಗೀಸರು ಬರುತ್ತಲೇ ಇರಲಿಲ್ವಾ?

ಶರಾವತಿ ದಂಡೆ:
ಗೋವಾದ ಮಾತು ಬಂದಾಗಲೆಲ್ಲ ಯಾರೋ ಒಬ್ಬರು "ಹೊನ್ನಾವರದ ಕಡಲ ನಾಯಕ ತಿಮ್ಮೋಜ ದ್ರೋಹ ಮಾಡಿದ, ಇಲ್ಲದಿದ್ದರೆ ಅವರು ಇಲ್ಲಿ ಕಾಲೂರುತ್ತಿರಲಿಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ದ್ರೋಹ ಅಂದರೆ ಯಾರಿಗೆ ಸ್ವಾಮಿ? 1510ರಲ್ಲಿ ಗೋವಾ ಇದ್ದದ್ದು ಬಿಜಾಪುರದ ಕೈಯಲ್ಲಿ. ಅದಕ್ಕೂ ಮುಂಚೆ, 1472ರಲ್ಲಿ, ಬಹಮನಿಗಳ ಮಹಮೂದ್ ಗವಾನ್ ಅದನ್ನು ವಿಜಯನಗರದಿಂದ ಕಿತ್ತುಕೊಂಡಿದ್ದ. ವಿಜಯನಗರದ ಕಡೆಯವನಾದ ತಿಮ್ಮೋಜನಿಗೆ ಬಿಜಾಪುರವೇ ಶತ್ರು. ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಬೇರೆ ಕಡೆ ದಂಡೆತ್ತಿ ಹೊರಟಿದ್ದವನು. ಮೊದಲು ಗೋವಾ ಹೊಡಿ, ಈಗ ಸುಲಭ ಅಂತ ಇವನು ದಾರಿ ತಪ್ಪಿಸಿದ. ಶತ್ರುವಿನ ಮೇಲೆ ಇನ್ನೊಬ್ಬನನ್ನು ಛೂ ಬಿಟ್ಟ, ಅಷ್ಟೇ. ಆ ಕಾಲದ ರಾಜಕೀಯವೇ ಹಾಗಿತ್ತು.

ಕಡಲಕೋಟೆ:
ಛೂ ಬಿಡೋದಕ್ಕೆ ಅಲ್ಬುಕರ್ಕ್ ಏನು ಇವನು ಸಾಕಿದ ನಾಯಿಯಾ? 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರಕ್ಕೇ ಬಂದು ಹಡಗುಗಳಿಗೆ ಬೆಂಕಿ ಇಟ್ಟು ಹೋಗಿದ್ದ. ಅದೇ ವರ್ಷ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆಯನ್ನೂ ಎಬ್ಬಿಸಿದ್ದರು. ಇವರು ಎಂಥವರು ಅಂತ ತಿಮ್ಮೋಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕರೆದ. ಗೋವಾ ತನ್ನ ಕೈಗೆ ಬರುತ್ತದೆ ಅನ್ನೋ ಆಸೆ. ಸಿಕ್ಕಿದ್ದು ಕಂದಾಯ ವಸೂಲಿ ಮಾಡುವ ಕೆಲಸ. ಕೊನೆಗೆ ಅದೂ ಬೇರೆಯವರ ಪಾಲಾಯಿತು.

ಹಳೇ ನಕಾಶೆ:
ಇಬ್ಬರೂ ಒಬ್ಬನ ಸುತ್ತಲೇ ತಿರುಗುತ್ತಿದ್ದೀರಿ. ಕಡಲಿನ ಲೆಕ್ಕ ಅದಕ್ಕೂ ಮುಂಚೆಯೇ ಮುಗಿದಿತ್ತು. 1508ರಲ್ಲಿ ಕೊಂಕಣ ಕರಾವಳಿಯ ಚೌಲ್ ಹತ್ತಿರ ಈಜಿಪ್ಟಿನ ಮಮ್ಲೂಕರ ನೌಕಾಪಡೆ ಪೋರ್ಚುಗೀಸರನ್ನು ಬಡಿದು, ವೈಸರಾಯ್ ಅಲ್ಮೇಡಾನ ಮಗ ಲೊರೆನ್ಸೊನನ್ನು ಕೊಂದಿತು. ಸೇಡು ತೀರಿಸಲು ಅಪ್ಪನೇ ಹೊರಟ. 1509ರ ಫೆಬ್ರವರಿ 3ರಂದು ದೀವ್ ಬಂದರಿನ ಮುಂದೆ ಮಮ್ಲೂಕರು, ಗುಜರಾತಿನವರು, ಕಲ್ಲಿಕೋಟೆಯ ರಾಜ ಸಾಮೂದಿರಿಯ ದೋಣಿಗಳು, ಎಲ್ಲವನ್ನೂ ಒಂದೇ ದಿನದಲ್ಲಿ ಮುರಿದರು. ಎತ್ತರದ ಹಡಗು, ಭಾರದ ಫಿರಂಗಿ. ದೂರದಿಂದಲೇ ಹೊಡೆಯಬಹುದು, ಹತ್ತಿರ ಬಂದವರನ್ನು ಮೇಲಿಂದ ಹೊಡೆಯಬಹುದು. ದೀವ್ ಆಳುತ್ತಿದ್ದ ಮಲಿಕ್ ಅಯಾಜ್ ಅರೆಮನಸ್ಸಿನಿಂದಲೇ ನಿಂತಿದ್ದ. ಕದನ ಮುಗಿದ ಮೇಲೆ ಕೈದಿಗಳನ್ನು ಒಪ್ಪಿಸಿ ರಾಜಿಯಾದ. ಇಷ್ಟಾದ ಮೇಲೆ ಅವರಿಗೆ ಬೇಕಿದ್ದದ್ದು ತಮ್ಮದೇ ಆದ ಒಂದು ಬಂದರು. ತಿಮ್ಮೋಜ ಇಲ್ಲದಿದ್ದರೆ ಇನ್ನೊಬ್ಬ ದಾರಿ ತೋರಿಸುತ್ತಿದ್ದ.

ಮಳೆಗಾಲ:
ಕಡಲಿನಲ್ಲಿ ಗೆದ್ದರೆ ನೆಲವೂ ಸಿಕ್ಕಿಬಿಡುತ್ತದೆ ಅನ್ನೋ ಥರ ಬರೆದಿದ್ದೀರಿ ನಕಾಶೆಯವರೇ. ಗೋವಾ ಎರಡು ಸಲ ಗೆಲ್ಲಬೇಕಾಯಿತು ಅನ್ನೋದನ್ನು ಯಾರೂ ಹೇಳಲೇ ಇಲ್ಲ. ಮೊದಲ ಸಲ, 1510ರ ಶುರುವಿನಲ್ಲಿ, ಊರು ಹೆಚ್ಚುಕಮ್ಮಿ ಜಗಳವೇ ಇಲ್ಲದೆ ಶರಣಾಯಿತು. ಮೇ ತಿಂಗಳಲ್ಲಿ ಮಳೆಯ ಜೊತೆಗೇ ಬಿಜಾಪುರದ ಆದಿಲ್ ಶಾಹಿ ಸೇನೆ ಬಂತು. ನದಿ ದಾಟಿ ಊರಿದ್ದ ದ್ವೀಪಕ್ಕೆ ನುಗ್ಗಿತು. ಅಲ್ಬುಕರ್ಕ್ ಊರು ಬಿಟ್ಟು ಹಡಗು ಹತ್ತಿದ. ಹತ್ತಿದ್ದೇನೋ ಸರಿ, ಹೋಗೋದೆಲ್ಲಿಗೆ? ಮಳೆಗಾಲದಲ್ಲಿ ಮಾಂಡವಿಯ ಅಳಿವೆ ದಾಟಲು ಆಗುವುದಿಲ್ಲ. ಹಿಂದೆ ಕಡಲು, ಎರಡೂ ದಡದಲ್ಲಿ ಶತ್ರುವಿನ ಫಿರಂಗಿ. ಆಗಸ್ಟ್‌ವರೆಗೆ ನದಿಯಲ್ಲೇ ಕೂತರು. ತಿನ್ನಲು ಇಲ್ಲ, ಜನ ಕಾಯಿಲೆ ಬೀಳುತ್ತಿದ್ದಾರೆ, ಕ್ಯಾಪ್ಟನ್‌ಗಳು ಎದುರು ಮಾತಾಡುತ್ತಿದ್ದಾರೆ. ದೀವ್ ಗೆದ್ದ ಆ ಎತ್ತರದ ಹಡಗುಗಳು ಆಗ ಯಾವ ಕೆಲಸಕ್ಕೂ ಬರಲಿಲ್ಲ. ಬಿಜಾಪುರದವರು ಅವರನ್ನು ಅಲ್ಲೇ ಮುಗಿಸಿಬಿಡಬಹುದಿತ್ತು. ಮುಗಿಸಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು, ತಿಮ್ಮೋಜನದ್ದಲ್ಲ.

ಅಡಿಕೆ ಸಿಪ್ಪೆ:
ಅಂದರೆ ಮಳೆ ಇನ್ನೆರಡು ತಿಂಗಳು ಜಾಸ್ತಿ ಹೊಡೆದಿದ್ದರೆ ಗೋವಾಕ್ಕೆ ಪಾವ್ ಬರುತ್ತಿರಲಿಲ್ಲ, ನಮಗೆ ಗೋಡಂಬಿ ಬರುತ್ತಿರಲಿಲ್ಲ 😄

ನೇತ್ರಾವತಿ:
ತಮಾಷೆ ಸಾಕು. ನವೆಂಬರ್ 25ಕ್ಕೆ ಅವರು ವಾಪಸ್ ಬಂದು ಊರು ಹಿಡಿದ ಮೇಲೆ ಏನಾಯಿತು ಅಂತ ಒಬ್ಬರೂ ಬರೆದಿಲ್ಲ. ಮುಸ್ಲಿಮರನ್ನು ಹುಡುಕಿ ಹುಡುಕಿ ಕೊಂದರು. ಹೆಂಗಸರು, ಮಕ್ಕಳು ಅಂತ ನೋಡಲಿಲ್ಲ. ಸತ್ತವರು 6000 ಅಂತ ಅಲ್ಬುಕರ್ಕನೇ ತನ್ನ ರಾಜ ಮನುಯೆಲ್‌ಗೆ ಪತ್ರ ಬರೆದ, ಹೆಮ್ಮೆಯಿಂದ. ಸಂಖ್ಯೆ ಉಬ್ಬಿಸಿರಬಹುದು ಅಂತೀರಾ? ಉಬ್ಬಿಸಿ ಹೇಳಿಕೊಳ್ಳುವ ವಿಷಯ ಅಂತ ಅವನಿಗೆ ಅನಿಸಿತಲ್ಲ! ಉಳಿದ ಹೆಂಗಸರಲ್ಲಿ ಕೆಲವರನ್ನು ಮತಾಂತರಿಸಿ ತನ್ನ ಸೈನಿಕರಿಗೆ ಮದುವೆ ಮಾಡಿಸಿದ. ನೆಲ ಕೈಯಲ್ಲಿ ಉಳಿಯೋದು ಹೀಗೆ. ಬರೀ ಫಿರಂಗಿಯಿಂದಲ್ಲ, ಮಳೆ ನಿಂತದ್ದರಿಂದಲೂ ಅಲ್ಲ.

ಶರಾವತಿ ದಂಡೆ:
@ನೇತ್ರಾವತಿ ಒಪ್ಪಿದೆ. ಆದರೆ ಆ ಹತ್ಯೆಯ ಹೊಣೆಯನ್ನು ತಿಮ್ಮೋಜನ ತಲೆಗೆ ಕಟ್ಟುವುದಾದರೆ ವಿಜಯನಗರವನ್ನು ಯಾಕೆ ಬಿಟ್ಟಿರಿ? ಅಲ್ಬುಕರ್ಕ್ ಅದೇ ವರ್ಷ ಕೃಷ್ಣದೇವರಾಯನ ಬಳಿಗೆ ಒಬ್ಬ ಪಾದ್ರಿಯನ್ನು ಕಳಿಸಿ ಕುದುರೆಯ ಆಸೆ ತೋರಿಸಿದ್ದ. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಬರುವ ಕುದುರೆ ಯಾರ ಬಂದರಿನಲ್ಲಿ ಇಳಿಯುತ್ತದೋ ಅವರ ಜೊತೆ ಸ್ನೇಹ. ಆ ಕಾಲದ ರಾಜರಿಗೆ ಕಡಲು ಅಂದರೆ ಸುಂಕ ಕೊಡುವ ಕಟ್ಟೆ. ಅದನ್ನು ಯಾರು ಕಾಯುತ್ತಾರೆ ಅನ್ನೋ ಚಿಂತೆ ಅವರಿಗಿರಲಿಲ್ಲ.

ಬಸ್ರೂರು ಅಕ್ಕಿ:
ಎಲ್ಲರೂ ಪೋರ್ಚುಗೀಸರನ್ನು ದೊಡ್ಡ ಸಾಮ್ರಾಜ್ಯ ಅಂದುಕೊಂಡೇ ಮಾತಾಡುತ್ತಿದ್ದೀರಿ. ಗೋವಾದಲ್ಲಿ ಉಣ್ಣಲು ಬೇಕಾದಷ್ಟು ಬೆಳೆಯುತ್ತಿರಲಿಲ್ಲ. ಊಟ ಹೋಗುತ್ತಿದ್ದದ್ದು ಕನ್ನಡ ಕರಾವಳಿಯಿಂದ: ಬಸ್ರೂರು, ಮಂಗಳೂರು, ಹೊನ್ನಾವರದ ಅಕ್ಕಿ. ಇಲ್ಲಿಯ ಅಕ್ಕಿ ಹೊರ್ಮುಜ್, ಮಸ್ಕತ್‌ವರೆಗೂ ಹೋಗುತ್ತಿತ್ತು. 1568-69ರಲ್ಲಿ ಈ ಮೂರೂ ಕಡೆ ಕೋಟೆ ಕಟ್ಟಿಕೊಂಡದ್ದು ಸುಮ್ನೆ ಅಲ್ಲ. ಆದರೂ ಕೋಟೆಯ ಗೋಡೆಯಾಚೆ ಅವರ ಮಾತು ನಡೆಯುತ್ತಿರಲಿಲ್ಲ. ಗದ್ದೆ ಅವರದಲ್ಲ, ಘಟ್ಟ ಅವರದಲ್ಲ. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪನಾಯಕ ಈ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಆಗ ಕಡಲಿನಲ್ಲಿ ಡಚ್ಚರು ಪೋರ್ಚುಗೀಸರ ಕುತ್ತಿಗೆ ಹಿಡಿದಿದ್ದರು ಅನ್ನೋದೂ ನಿಜ. ನೆಲದ ರಾಜ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಡಲಕೋಟೆ:
ಬೇಕು. ಮನಸ್ಸು ಮಾಡಲು ಸುಮಾರು 80 ವರ್ಷ ಹಿಡಿಯಿತಲ್ಲ! ಅಷ್ಟು ಕಾಲ ನಮ್ಮ ವ್ಯಾಪಾರಿಗಳು ಕಾರ್ತಾಜ್ ಅನ್ನೋ ಪೋರ್ಚುಗೀಸರ ಪರವಾನಗಿ ಚೀಟಿ ಹಿಡಿದು ಓಡಾಡಿದರು. ಚೀಟಿ ಇಲ್ಲದಿದ್ದರೆ ಹಡಗು, ಸರಕು ಎರಡೂ ಹೋಯಿತು. 1570ರ ದಶಕದಲ್ಲಿ ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ ಹಜ್‌ಗೆ ಹೊರಟಾಗ ಇದೇ ಅನುಮತಿಗಾಗಿ ಸೂರತ್‌ನಲ್ಲಿ ಕಾಯಬೇಕಾಯಿತು. ಅಕ್ಬರನ ಮನೆಯವರದ್ದೇ ಈ ಪಾಡು. ಬಸ್ರೂರಿನ ಶೆಟ್ಟರ ಮಾತೇನು?

ಬಿಣಗಾ:
ನಾನು ಅಂಜದೀವ್ ಕಡೆಯವನು, ಅದಕ್ಕೇ ಒಂದು ಮಾತು. 1505ರ ಕೋಟೆಯನ್ನು ಅವರೇ ಬೇಗ ಬಿಟ್ಟು ಹೋದರು. 1682ರಲ್ಲಿ ಮತ್ತೆ ಬಂದವರು 1961ರವರೆಗೆ ಕದಲಲಿಲ್ಲ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ಐಎನ್ಎಸ್ ತ್ರಿಶೂಲ್‌ನಿಂದ ಅಲ್ಲಿ ಇಳಿದರು, ಐಎನ್ಎಸ್ ಮೈಸೂರು ಬೆಂಬಲಕ್ಕೆ ನಿಂತಿತ್ತು. ನಮ್ಮವರು ಏಳು ಜನ ಸತ್ತರು. ಅದೇ ದಿನ ಮುರ್ಮಗೋವಾದಲ್ಲಿ ಹೊಡೆತ ತಿಂದ ಪೋರ್ಚುಗೀಸ್ ಹಡಗಿನ ಹೆಸರು ಅಫೊನ್ಸೊ ದ ಅಲ್ಬುಕರ್ಕ್! ಬಸ್ರೂರಿನವರೇ, ಇವರು ಇಷ್ಟು ಕಾಲ ಉಳಿದದ್ದು ದುರ್ಬಲರಾಗಿದ್ದರಿಂದಲೇ ಅಂತೀರಾ?

ಬಸ್ರೂರು ಅಕ್ಕಿ:
ಹೌದು, ಒಂದು ಅರ್ಥದಲ್ಲಿ ಹಾಗೇ ಅಂತೀನಿ. 1650ರ ಮೇಲೆ ಅವರು ಯಾರಿಗೂ ದೊಡ್ಡ ಬೆದರಿಕೆಯಾಗಿ ಉಳಿದಿರಲಿಲ್ಲ. ಅವರನ್ನು ಓಡಿಸುವ ಖರ್ಚು ಜಾಸ್ತಿ, ಅಕ್ಕಿ ಮಾರುವ ಲಾಭವೂ ಜಾಸ್ತಿ. ಅವರಿಗೆ ಅಕ್ಕಿ ಮಾರಿ ಗಂಟು ಮಾಡಿಕೊಂಡವರು ನಮ್ಮೂರಲ್ಲೇ ಇದ್ದರು, ಅದನ್ನೂ ಬರೆದುಕೊಳ್ಳಿ.

ನೇತ್ರಾವತಿ:
ಹಾಗಿದ್ದರೆ ತಿಮ್ಮೋಜನಿಗೊಬ್ಬನಿಗೇ ಯಾಕೆ ದ್ರೋಹಿ ಪಟ್ಟ? @ಕಡಲಕೋಟೆ, ಉತ್ತರ ನೀವು ಕೊಡಬೇಕು.

ಕಡಲಕೋಟೆ:
ಅಕ್ಕಿ ಮಾರಿದವರು ಬಾಗಿಲು ತೆಗೆದುಕೊಡಲಿಲ್ಲ ಮೇಡಂ. ನನ್ನ ಮಾತು ಬದಲಾಗಿಲ್ಲ.