ಮಗಳು ಸಾಫ್ಟ್‌ಬಾಲ್ ಪಿಚರ್, ಒಂದು ವಾಕ್ ಕೊಟ್ರೆ ಇಡೀ ಇನ್ನಿಂಗ್ಸ್ ಕೈಬಿಟ್ಟು ಹೋಗುತ್ತೆ, ಏನ್ ಮಾಡೋದು?

ಬಕೆಟ್_ಅಪ್ಪ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಭರತನಾಟ್ಯ, ಮ್ಯಾಥ್ ಕ್ಲಾಸ್ ಬಗ್ಗೆ ಕೇಳೋರೇ ಜಾಸ್ತಿ, ಆದ್ರೂ ನಂದೊಂದು ಇರ್ಲಿ. ನಾವು ಹಾಸನದವರು, ಈಗ ಅಮೆರಿಕದಲ್ಲಿ ಫ್ರೀಮಾಂಟ್ ಕಡೆ ಇದೀವಿ. ಮಗಳಿಗೆ 11 ವರ್ಷ, ಎರಡು ವರ್ಷದಿಂದ ಸಾಫ್ಟ್‌ಬಾಲಲ್ಲಿ ಪಿಚಿಂಗ್, ಅಂದ್ರೆ ಬ್ಯಾಟರ್‌ಗೆ ಬಾಲ್ ಹಾಕೋ ಕೆಲಸ ಮಾಡ್ತಾಳೆ, ಈ ಸೀಸನ್ 12 ಯು (12 ವರ್ಷದ ಒಳಗಿನವರ) ಟ್ರಾವೆಲ್ ಟೀಮ್‌ಗೆ, ಅಂದ್ರೆ ಬೇರೆ ಊರಿಗೂ ಹೋಗಿ ಆಡೋ ಟೀಮ್‌ಗೆ ಸೇರಿದಾಳೆ. ನನಗೆ ಈ ಆಟದ ತಲೆಬುಡ ಗೊತ್ತಿರ್ಲಿಲ್ಲ, ಈಗ ದಿನಾ ಸಂಜೆ ಮೀಟಿಂಗ್ ಮುಗಿಸಿ ಹಿತ್ತಲಲ್ಲಿ ಬಕೆಟ್ ಮೇಲೆ ಕೂತು ಅವಳು ಹಾಕಿದ ಬಾಲ್ ಹಿಡಿಯೋದೇ ಕೆಲಸ, ಮೊಣಕಾಲಿಂದ ಕೆಳಗೆ ಅಲ್ಲಲ್ಲಿ ನೀಲಿಗಟ್ಟಿದೆ.

ಸಮಸ್ಯೆ ಏನಂದ್ರೆ ಹಿತ್ತಲಲ್ಲಿ ಹತ್ತಕ್ಕೆ ಏಳು ಬಾಲ್ ನಾನು ಗ್ಲೌ ಇಟ್ಟಲ್ಲೇ ಬಂದು ಬೀಳುತ್ತೆ, ಮ್ಯಾಚಲ್ಲಿ ಒಬ್ಬಳಿಗೆ ವಾಕ್ ಕೊಟ್ಟಳು (ನಾಲ್ಕು ಬಾಲ್ ಗುರಿ ತಪ್ಪಿ ಬ್ಯಾಟರ್ ಪುಕ್ಕಟೆ ಮೊದಲ ಬೇಸಿಗೆ ಹೋಗೋದು) ಅಂದ್ರೆ ಮುಗೀತು, ಅವಳ ಭುಜ ಇಳಿಯುತ್ತೆ, ಆಮೇಲೆ ಬಾಲ್ ಎಲ್ಲಿಗೆ ಹೋಗುತ್ತೋ ದೇವರೇ ಬಲ್ಲ. ಹೋದ ಶನಿವಾರ ಟ್ರೇಸಿಲಿ ಎರಡನೇ ಇನ್ನಿಂಗ್ಸ್, ಎರಡು ಔಟ್ ಆಗಿತ್ತು, ನೆಲದ ಮೇಲೆ ಉರುಳ್ಕೊಂಡು ಬಂದ ಸುಲಭದ ಬಾಲ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಹುಡುಗಿ ಕಾಲ ಸಂದಿಲಿ ನುಸುಳ್ತು. ನಮ್ಮವಳು ಎರಡೂ ಕೈ ಮೇಲೆತ್ತಿ ಆಕಾಶ ನೋಡಿದ್ಲು, ಆಮೇಲೆ ಬಾಲನ್ನ ಗ್ಲೌಗೆ ಪಟಾರ್ ಅಂತ ಹೊಡೆದ್ಲು, ಇಡೀ ಗ್ರೌಂಡಿಗೆ ಕೇಳಿಸ್ತು. ಅದಾದ ಮೇಲೆ ಸಾಲಾಗಿ ಮೂರು ವಾಕ್. ಕೋಚ್ ಬಂದು ಬಾಲ್ ಇಸ್ಕೊಂಡ್ರು. ಇವಳು ಡಗೌಟ್ (ಟೀಮ್ ಕೂರೋ ಜಾಗ) ಮೂಲೇಲಿ ಟೋಪಿ ಮುಖದ ಮೇಲೆ ಎಳ್ಕೊಂಡು ಕೂತ್ಬಿಟ್ಲು, ಉಳಿದ ಹುಡುಗೀರು ಬೇಲಿ ಹಿಡ್ಕೊಂಡು ಕೂಗಿ ಕೂಗಿ ಹಾಡ್ತಿದ್ರೆ ಇವಳು ಬಾಯಿ ಬಿಡ್ಲಿಲ್ಲ. ಪ್ರತಿ ಮ್ಯಾಚಲ್ಲೂ ಕಿತ್ತಳೆ ಹೋಳು ತಂದು ನಮಗೂ ಕೊಡೋ ಶಾರ್ಟ್‌ಸ್ಟಾಪ್ ಹುಡುಗಿ ಅಮ್ಮ ಅವತ್ತು ನಮ್ಮ ಕುರ್ಚಿ ಮುಂದೇನೇ ಹಾಯ್ದು ಹೋದ್ರು, ಮಾತಿಲ್ಲ.

ಕೋಚ್ ಹೇಳಿದ್ದು ಇಷ್ಟೇ, ಸ್ಪೀಡ್ ಆಮೇಲೆ ನೋಡೋಣ, ಮೊದಲು ಮುಖ ಸರಿ ಮಾಡ್ಕೊಂಡು ಬರ್ಲಿ. 11 ವರ್ಷದ ಮಗೂಗೆ ಇದನ್ನ ಹೇಗೆ ಕಲಿಸೋದು? ನಮ್ಮಮ್ಮ ಊರಿಂದ ಪ್ರಾಣಾಯಾಮದ ವಿಡಿಯೋ ಕಳಿಸ್ತಾನೇ ಇದಾರೆ.

ಮಂಡ್ಯದ_ಸೊಸೆ:

ಅಯ್ಯೋ ನಮ್ಮನೆ ಕಥೆನೇ ಬರೆದಿದೀರಲ್ಲ ಅಣ್ಣ. ನನ್ನ ಮಗಳು ಈಗ ಹೈಸ್ಕೂಲು, ಒಂಬತ್ತನೇ ವರ್ಷದಿಂದ ಪಿಚರ್.

ಮೊದಲನೇದಾಗಿ ಎಲ್ಲಾನೂ ಮನಸ್ಸಿನ ಮೇಲೆ ಹಾಕ್ಬೇಡಿ. ನಿಮ್ಮವಳು 10 ಯುಲಿ 35 ಅಡಿಯಿಂದ ಹಾಕ್ತಿದ್ಲು, ಬಾಲ್ ಸುತ್ತಳತೆ 11 ಇಂಚು. 12 ಯುಗೆ ಬಂದ ಕೂಡ್ಲೇ 40 ಅಡಿ, 12 ಇಂಚಿನ ಬಾಲ್. ಕೈ ಅದೇ ಪುಟ್ಟ ಕೈ. ಗುರಿ ತಪ್ಪೋದು ಸಹಜ, ಅದನ್ನ ಅವಳಿಗೂ ಬಿಡಿಸಿ ಹೇಳಿ, ನನಗೇನೋ ಆಗಿದೆ ಅಂತ ಮಗು ಒಳಗೊಳಗೇ ಕೊರಗ್ತಿರುತ್ತೆ. 14 ಯುಗೆ ಹೋದ್ರೆ 43 ಅಡಿ ಆಗುತ್ತೆ, ಆಗ ಇನ್ನೊಂದು ಸಲ ಇದೇ ರಾಮಾಯಣ, ಈಗ್ಲೇ ರೆಡಿ ಇರಿ.

ಇನ್ನು ಮುಖದ ವಿಷಯ. ನಮ್ಮ ಪಿಚಿಂಗ್ ಕೋಚ್ ಒಂದು ಅಭ್ಯಾಸ ಮಾಡಿಸಿದ್ರು. ಬಾಲ್ ಕೈಗೆ ವಾಪಸ್ ಬಂದ ತಕ್ಷಣ ಪಿಚರ್ ನಿಲ್ಲೋ ಸರ್ಕಲ್ ಹಿಂದಿನ ಗೆರೆವರೆಗೂ ನಡೆದು ಹೋಗ್ಬೇಕು, ಬ್ಯಾಟರ್‌ಗೆ ಬೆನ್ನು. ಚಿಟಿಕೆ ಮಣ್ಣು ತಗೊಂಡು ಬೆರಳಲ್ಲಿ ಉಜ್ಜಬೇಕು, ಉಸಿರು ಉದ್ದಕ್ಕೆ ಬಿಡ್ಬೇಕು, ಗ್ಲೌ ಹೆಬ್ಬೆರಳ ಹತ್ರ ಮಾರ್ಕರಲ್ಲಿ ಇಟ್ಟಿರೋ ಚುಕ್ಕೆ ನೋಡ್ಬೇಕು, ಆಮೇಲೇನೇ ತಿರುಗೋದು. ಬೇಜಾರು ಪಡೋಕೆ, ಸಿಟ್ಟಾಗೋಕೆ, ಎಲ್ಲಾದಕ್ಕೂ ಆ ಗೆರೆಯಿಂದ ಆಚೆಗೆ ಪರ್ಮಿಷನ್ ಇದೆ, ತಿರುಗಿದ ಮೇಲೆ ಇಲ್ಲ. ಸ್ಟ್ರೈಕ್ (ಗುರಿಗೆ ಬಿದ್ದದ್ದು) ಬಿದ್ರೂ ಅದೇ, ಅಂಪೈರ್ ‘ಬಾಲ್’ (ಗುರಿ ತಪ್ಪಿದ್ದು) ಅಂದ್ರೂ ಅದೇ. ಬರೀ ಕೆಟ್ಟದಾದಾಗ ಮಾತ್ರ ಮಾಡಿದ್ರೆ ಅದು ಎದುರಾಳಿ ಟೀಮ್‌ಗೆ ಇವಳು ಗಾಬರಿಯಾಗಿದಾಳೆ ಅಂತ ಸಿಗ್ನಲ್ ಕೊಟ್ಟ ಹಾಗೆ ಅಷ್ಟೇ.

ಇದನ್ನ ಹಿತ್ತಲಲ್ಲೇ ರೂಢಿ ಮಾಡಿಸಿ, ಸುಮ್ನೆ ಐವತ್ತು ಬಾಲ್ ಎಸೆಯೋ ಬದ್ಲು ಮೂರು ಬಾಲ್, ಸೊನ್ನೆ ಸ್ಟ್ರೈಕ್ ಅಂತ ಶುರು ಮಾಡಿ, ಈಗ ಈ ಬ್ಯಾಟರನ್ನ ಔಟ್ ಮಾಡು ನೋಡೋಣ ಅನ್ನಿ. ನಾನು ಅಂಪೈರ್ ಆಗಿ ಬೇಕಂತ್ಲೇ ಒಳ್ಳೇ ಸ್ಟ್ರೈಕನ್ನ ಬಾಲ್ ಅಂತಿದ್ದೆ, ಅವಳ ಹುಬ್ಬು ಒಂಚೂರು ಮೇಲಾದ್ರೂ ಮೊದಲಿಂದ. ಎಷ್ಟು ಜಗಳ ಆಡಿದೀವಿ ಗೊತ್ತಾ, ಒಂದು ದಿನ ಗ್ಲೌ ಬಿಸಾಕಿ ಒಳಗೆ ಹೋದ್ಲು. ಒಂದು ತಿಂಗಳಾದ ಮೇಲೆ ನಾನು ಮೋಸ ಮಾಡಿದ್ರೆ ಅವಳಿಗೆ ನಗು ಬರೋಕೆ ಶುರುವಾಯ್ತು.

ಹಳೇ_ಲೆಗ್ಗಿ:

ಸಾಫ್ಟ್‌ಬಾಲ್ ಗೊತ್ತಿಲ್ಲ ಗುರು, ಬೆಂಗಳೂರಲ್ಲಿ ಕ್ಲಬ್ ಕ್ರಿಕೆಟ್‌ನಲ್ಲಿ ಲೆಗ್ ಸ್ಪಿನ್ ಹಾಕ್ತಿದ್ದೆ, ಅದೂ ಮ್ಯಾಟಿಂಗ್ ಮೇಲೆ. ಸ್ಲಿಪ್ಪಲ್ಲಿ ಕ್ಯಾಚ್ ಬಿಟ್ರೆ ಸೊಂಟದ ಮೇಲೆ ಕೈ ಇಟ್ಕೊಂಡು ದುರುಗುಟ್ಟಿ ನೋಡೋದು ನನ್ನ ಸ್ಟೈಲು. ಹದಿನೈದು ವರ್ಷ ಆದ್ಮೇಲೆ ಒಂದು ಮದುವೆ ಮನೇಲಿ ಪಂಕ್ತಿಲಿ ಪಕ್ಕ ಕೂತಾಗ ಆ ಸ್ಲಿಪ್ ಫೀಲ್ಡರ್ ಹೇಳ್ದ, ನೀನು ಹಾಗೆ ನೋಡಿದ್ಮೇಲೆ ಮುಂದಿನ ಬಾಲ್ ನನ್ನ ಕಡೆ ಬರ್ದೇ ಇರ್ಲಪ್ಪಾ ಅಂತ ದೇವರಿಗೆ ಕೈ ಮುಗೀತಿದ್ದೆ ಅಂತ. ಹೋಳಿಗೆ ಗಂಟಲಿಂದ ಇಳೀಲಿಲ್ಲ ನನಗೆ. ನಾನು ದುರುಗುಟ್ಟಿದ್ದಕ್ಕೇ ಇನ್ನೊಂದು ನಾಲ್ಕು ಕ್ಯಾಚ್ ಬಿಟ್ಟಿರ್ತಾನೆ.

ಮಗಳಿಗೆ ನಮ್ಮ ಶ್ರೀನಾಥ್ ಕಥೆ ಹೇಳಿ. 1999ರ ಫೆಬ್ರವರಿ, ದೆಹಲಿ ಟೆಸ್ಟ್, ಪಾಕಿಸ್ತಾನದ್ದು ಒಂಬತ್ತು ವಿಕೆಟ್ ಬಿದ್ದಿತ್ತು, ಒಂಬತ್ತೂ ಕುಂಬ್ಳೆದು. ಆಚೆ ಕಡೆಯಿಂದ ಶ್ರೀನಾಥ್ ಓವರ್. ಅಪ್ಪಿತಪ್ಪಿ ತನಗೆ ವಿಕೆಟ್ ಬಂದ್ಬಿಟ್ರೆ ಅಂತ ಆ ಪುಣ್ಯಾತ್ಮ ಬ್ಯಾಟ್ಸ್‌ಮನ್‌ಗೆ ಎಟುಕದ ಹಾಗೆ ಸ್ಟಂಪಿಂದ ಆಚೆ ಆಚೆ ಹಾಕಿದ. ಆಮೇಲೆ ಕುಂಬ್ಳೆ ಬಂದು ವಾಸಿಂ ಅಕ್ರಂನ ಲಕ್ಷ್ಮಣ್ ಕೈಗೆ ಕೊಡಿಸಿ 74 ರನ್ನಿಗೆ ಹತ್ತು ತಗೊಂಡ್ರು. ದೇಶಕ್ಕೆ ಆಡೋ ಫಾಸ್ಟ್ ಬೌಲರ್ ಬೇಕಂತ ವೈಡ್ ಹಾಕೋದು ಅಂದ್ರೆ ತಮಾಷೆನಾ!

ಬಕೆಟ್_ಅಪ್ಪ:

ಕಥೆ ಹೇಳ್ದೆ ಸರ್. ಕುಂಬ್ಳೆ ಅಂದ್ರೆ ಯಾರು ಅಂದ್ಲು. ಊಟ ಬಿಟ್ಟು ಎದ್ದು ಹೋಗೋಣ ಅನ್ನಿಸ್ತು.

ಒಂದು ಮಾತು ಮಾತ್ರ, ಕ್ರಿಕೆಟ್‌ನಲ್ಲಿ ಓವರ್ ಮುಗಿದ್ರೆ ಬೌಲರ್ ಫೈನ್ ಲೆಗ್ಗಿಗೆ ಹೋಗಿ ನೀರು ಕುಡ್ದು ತಲೆ ತಣ್ಣಗೆ ಮಾಡ್ಕೋಬಹುದು. ಇಲ್ಲಿ ಆ ಸೌಕರ್ಯ ಇಲ್ಲ, ಮೂರು ಔಟ್ ಆಗೋವರೆಗೂ ಪ್ರತಿ ಬಾಲೂ ಇವಳದ್ದೇ, ಸುತ್ತ ಎಂಟು ಅಡಿ ದೂರದಲ್ಲಿ ಎಳೆದ ಸುಣ್ಣದ ಸರ್ಕಲ್, ಎಲ್ಲರ ಕಣ್ಣೂ ಅದರ ನಡುವೆ. ಮಂಡ್ಯದ ಅಕ್ಕ, ಚುಕ್ಕೆ ಇಟ್ಟಾಯ್ತು, ಹಸಿರು ಬೇಕಂತೆ, ಹಸಿರೇ ಇಟ್ಟೆ.

ಸುಮ್ನೆ_ಓದೋನು:

11 ವರ್ಷದ ಮಗೂಗೆ ಮೆಂಟಲ್ ಟ್ರೇನಿಂಗು! ವೀಕೆಂಡ್ ಪೂರ್ತಿ ಬಿಸಿಲಲ್ಲಿ ಟೆಂಟ್ ಹಾಕ್ಕೊಂಡು ಸಾವಿರಾರು ಡಾಲರ್ ಸುರಿಯೋ ಬದ್ಲು ಬೀದೀಲಿ ಆಡೋಕೆ ಬಿಡಿ ಸ್ವಾಮಿ. ನಾವೆಲ್ಲ ಲಗೋರಿ ಆಡಿ ಬೆಳೀಲಿಲ್ವಾ.

ಮಂಡ್ಯದ_ಸೊಸೆ:

ಲಗೋರಿಲೂ ಸೋತಾಗ ನೀವು ಬಾಲ್ ತಗೊಂಡು ಮನೆಗೆ ಓಡಿ ಹೋಗಿರ್ತೀರಾ ಅನ್ಸುತ್ತೆ 😄

ಮಾಜಿ_ಪಿಚರ್:

ನಮಸ್ತೆ ಅಂಕಲ್, ನಾನು ಹುಟ್ಟಿ ಬೆಳೆದಿದ್ದು ನ್ಯೂಜೆರ್ಸಿ, ಅಪ್ಪ ಅಮ್ಮ ಶಿವಮೊಗ್ಗದವರು, ಫೋನ್ ಮುಂದೆ ಮಾತಾಡಿ ಟೈಪ್ ಮಾಡಿಸ್ತಿದೀನಿ, ತಪ್ಪಿದ್ರೆ ಬೈಬೇಡಿ. ಹತ್ತು ವರ್ಷ ಪಿಚ್ ಮಾಡಿದೀನಿ.

ಕೋಚ್ ವಾಪಸ್ ಕರ್ಕೊಂಡಾಗ ಡಗೌಟಲ್ಲಿ ಮುಖ ಮುಚ್ಕೊಂಡು ಕೂತಿದ್ಲು ಅಂದ್ರಲ್ಲ, ಅದಕ್ಕೆ ಟೋಕಿಯೋ ಒಲಿಂಪಿಕ್ಸ್ ಫೈನಲ್ ತೋರಿಸಿ, 2021 ಜುಲೈದು. ಜಪಾನಿನ ಯುಕಿಕೋ ಉಯೆನೋಗೆ ಆಗ 39 ವರ್ಷ. 2008ರಲ್ಲಿ ಬೀಜಿಂಗ್‌ನಲ್ಲಿ ಎರಡೇ ದಿನದಲ್ಲಿ 413 ಪಿಚ್ ಹಾಕಿ ಚಿನ್ನ ಗೆಲ್ಲಿಸಿದ ಆಳು, ಆ ದೇಶದಲ್ಲಿ ದೇವರ ಥರ. ಅಂಥವಳನ್ನೇ ಫೈನಲ್ಲಲ್ಲಿ ಆರನೇ ಇನ್ನಿಂಗ್ಸಲ್ಲಿ ಕೋಚ್ ಹೊರಗೆ ಕರೆದ್ರು, ಮಿಯು ಗೋತೋ ಅಂತ ಚಿಕ್ಕ ಹುಡುಗಿ ಕೈಗೆ ಬಾಲ್ ಹೋಯ್ತು. ಆ ಇನ್ನಿಂಗ್ಸಲ್ಲೇ ಅಮೆರಿಕದವರು ಬಾರಿಸಿದ ಬಾಲ್ ಮೂರನೇ ಬೇಸ್ ಹುಡುಗಿ ಮೈಗೆ ಬಡಿದು ಎಗರಿ ಶಾರ್ಟ್‌ಸ್ಟಾಪ್ ಕೈಗೆ ಸಿಕ್ಕಿ ಎರಡು ಔಟ್ ಆಗಿದ್ದು, ಅದನ್ನಂತೂ ನೂರು ಸಲ ನೋಡಿದೀನಿ. ಏಳನೇ ಇನ್ನಿಂಗ್ಸಿಗೆ ಉಯೆನೋ ಮತ್ತೆ ಬಂದ್ಲು, ಆಟ ಮುಗಿಸಿದ್ಲು, 2-0. ಸಾಫ್ಟ್‌ಬಾಲಲ್ಲಿ ಶುರುವಿನಲ್ಲಿ ಆಡಿದವರು ಹೊರಗೆ ಹೋದ್ರೂ ಒಂದು ಸಲ ವಾಪಸ್ ಬರಬಹುದು ಅಂತ ರೂಲೇ ಇದೆಯಲ್ಲ. ಮುಖ ಮುಚ್ಕೊಂಡು ಕೂತಿರೋಳನ್ನ ಯಾವ ಕೋಚೂ ವಾಪಸ್ ಕಳಿಸಲ್ಲ, ನನ್ನನ್ನ ಕಳಿಸ್ತಿರ್ಲಿಲ್ಲ.

ಇನ್ನೊಂದು ಕೇಳ್ಲಾ ಅಂಕಲ್, ಮ್ಯಾಚಲ್ಲಿ ನೀವು ಎಲ್ಲಿ ಕೂರ್ತೀರಾ? ಕ್ಯಾಚರ್ ಹಿಂದಿರೋ ಬ್ಯಾಕ್‌ಸ್ಟಾಪ್ ಬಲೆ ಹಿಂದೆ ತಾನೇ? ಸರ್ಕಲ್‌ನಿಂದ ನೋಡಿದ್ರೆ ಕ್ಯಾಚರ್ ತಲೆ ಮೇಲೆ ಸರಿಯಾಗಿ ಅಪ್ಪನ ಮುಖನೇ ಕಾಣೋದು. ನಮ್ಮಪ್ಪ ಒಂದು ದಿನಾನೂ ಬೈದವರಲ್ಲ. ಬಾಲ್ ತಪ್ಪಿದಾಗ ಕರ್ಚೀಫ್ ತೆಗೆದು ಹಣೆ ಒರೆಸ್ಕೋತಿದ್ರು, ಅಷ್ಟೇ. ನಾನು ಪ್ರತಿ ಪಿಚ್ ಆದ್ಮೇಲೂ ಕರ್ಚೀಫ್ ಬಂತಾ ಅಂತ ನೋಡ್ತಿದ್ದೆ. ಕಾಲೇಜಿಗೆ ಹೋದ್ಮೇಲೆ ಹೇಳ್ದೆ ಅವರಿಗೆ, ಪಾಪ ಅತ್ತೇಬಿಟ್ರು.

ಬಕೆಟ್_ಅಪ್ಪ:

ಆ ಕೊನೇ ಸಾಲು ಓದಿ ಎರಡು ದಿನ ಏನೂ ಬರೀಲಿಲ್ಲ ಪುಟ್ಟಾ.

ಹೆಂಡತಿನ ಕೇಳ್ದೆ, ನಾನೇನು ಮಾಡ್ತೀನಿ ಅಲ್ಲಿ ಕೂತು ಅಂತ. ಅವಳು ಏನೂ ಹೇಳ್ಲಿಲ್ಲ, ಫೋನಲ್ಲಿರೋ ವಿಡಿಯೋ ತೆಗೆದು ಕೈಗೆ ಕೊಟ್ಲು. ಮಗಳ ಪಿಚಿಂಗ್ ರೆಕಾರ್ಡ್ ಮಾಡೋಕೆ ಹೋಗಿ ಪಕ್ಕದಲ್ಲಿ ನಾನೂ ಬಿದ್ದಿದೀನಿ. ಪ್ರತಿ ಬಾಲ್‌ಗೂ ಛೆ ಅಂತ ತೊಡೆ ಮೇಲೆ ಹೊಡ್ಕೋತೀನಿ. ಶಾರ್ಟ್‌ಸ್ಟಾಪ್ ಬಾಲ್ ಬಿಟ್ಟಾಗ ಎರಡೂ ಕೈ ಮೇಲೆತ್ತಿ ಆಕಾಶ ನೋಡಿದೀನಿ. ಮಗಳಿಗಿಂತ ಮುಂಚೆ.

ಈ ಭಾನುವಾರ ಕುರ್ಚಿ ಎತ್ಕೊಂಡು ಲೆಫ್ಟ್ ಫೀಲ್ಡ್ ಬೇಲಿ ಹತ್ರ ಹೋಗಿ ಕೂತೆ, ಅಲ್ಲಿಂದ ಸ್ಟ್ರೈಕೋ ಬಾಲೋ ಏನೂ ಗೊತ್ತಾಗಲ್ಲ, ಬೆನ್ನು ಮಾತ್ರ ಕಾಣುತ್ತೆ. ಮೊದಲ ಇನ್ನಿಂಗ್ಸಲ್ಲಿ ಎರಡು ಸಲ ಬಲೆ ಹಿಂದೆ ಹುಡುಕಿದ್ಲು, ನಾನಿಲ್ಲ. ಎರಡು ವಾಕ್ ಕೊಟ್ಲು, ಒಬ್ಬ ಬ್ಯಾಟರ್ ಬೆನ್ನಿಗೂ ಬಾಲ್ ಹೊಡೆದ್ಲು, ಆದ್ರೂ ಪ್ರತಿ ಸಲ ಗೆರೆ ಹತ್ರ ಹೋಗಿ ಮಣ್ಣು ಮುಟ್ಟಿದ್ದು ಕಾಣಿಸ್ತು. ಮೂರನೇ ಇನ್ನಿಂಗ್ಸಲ್ಲಿ ಅದೇ ಶಾರ್ಟ್‌ಸ್ಟಾಪ್, ಅದೇ ಥರ ಬಾಲ್, ಮತ್ತೆ ಬಿಟ್ಲು. ನಮ್ಮವಳ ಕೈ ಸೊಂಟದವರೆಗೂ ಎದ್ದಿತು, ಅಲ್ಲೇ ನಿಂತಿತು, ಆಮೇಲೆ ಸರ್ಕಲ್ ಬಿಟ್ಟು ಅವಳ ಹತ್ರ ಹೋಗಿ ಏನೋ ಹೇಳಿದ್ಲು, ಇಬ್ರೂ ಕೆಳಗೆ ನೋಡಿ ನಕ್ಕರು. ಮುಂದಿನ ಬ್ಯಾಟರ್‌ಗೂ ವಾಕೇ ಬಿಡಿ, 7-4ಕ್ಕೆ ಸೋತ್ವಿ.

ಕಾರಲ್ಲಿ ಕೇಳ್ದೆ, ಏನು ಹೇಳ್ದೆ ಅವಳಿಗೆ ಅಂತ. ನಿನ್ನ ಶೂ ಲೇಸ್ ಬಿಚ್ಚಿದೆ ಅಂದೆ ಅಪ್ಪಾ, ಅಂದ್ಲು.

ಕಿತ್ತಳೆ ಡಬ್ಬಿ ನಮ್ಮ ಕಡೆ ಇನ್ನೂ ಬಂದಿಲ್ಲ, ಮುಂದಿನ ಶನಿವಾರ ನಾವೇ ಚಿತ್ರಾನ್ನ ತಗೊಂಡು ಹೋಗೋಣ ಅಂತಿದಾಳೆ ಹೆಂಡತಿ, ಖಾರ ಕಮ್ಮಿ ಹಾಕಿ. ಮಂಡ್ಯದ ಅಕ್ಕ, ಇವಳು ಈಗ ಡ್ರಾಪ್ ಬಾಲ್ ಕಲೀತಿದಾಳೆ, ನೆಲಕ್ಕೆ ಬಿದ್ದು ಸೀದಾ ಕಾಲಿಗೇ ಬರುತ್ತೆ. ಬಕೆಟ್ ಮೇಲೆ ಕೂರೋರು ಶಿನ್ ಗಾರ್ಡ್ ಹಾಕ್ಕೊಂಡ್ರೆ ಯಾರಾದ್ರೂ ನಗ್ತಾರಾ?